ಅದೇ ಹೆಸರು, ಬೇರೆ ಆಸಾಮಿ

ಮಂಜುನಾಥ, ಬಸವರಾಜ, ಲಕ್ಷ್ಮಿ, ಮಹದೇವಸ್ವಾಮಿ, ದಾವಲ್‌ಸಾಬ್. ನಮ್ಮ ನಾಡಿನಲ್ಲಿ ದಿನಬೆಳಗಾದರೆ ಕೇಳಿಬರುವ ಇಂಥ ಯಾವ ಹೆಸರನ್ನಾದರೂ ಗೂಗಲ್‌ನಲ್ಲಿ ಹಾಕಿ ನೋಡಿ. ಒಬ್ಬರು ಮೂಳೆ ಡಾಕ್ಟರು, ಇನ್ನೊಬ್ಬರು ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರು, ಮತ್ತೊಬ್ಬರು ಪಿಯುಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದವರು, ಮಗದೊಬ್ಬರು ಚೆಕ್ ಬೌನ್ಸ್ ಪ್ರಕರಣದ ಆರೋಪಿ. ನಡುವೆ ಯಾರದೋ ಗೃಹಪ್ರವೇಶದ ಕರೆಯೋಲೆ, ಯಾರದೋ ಉತ್ತರಕ್ರಿಯೆಯ ಪ್ರಕಟಣೆ. ತಮ್ಮ ಹೆಸರನ್ನು ತಾವೇ ಹುಡುಕಿ ನೋಡುವುದು ಈಗ ಬಹುಮಂದಿಯ ರೂಢಿ. ಹಾಗೆ ನೋಡಿದವರಿಗೆಲ್ಲ ತಮ್ಮ ಹೆಸರು ಹೊತ್ತು ಓಡಾಡುತ್ತಿರುವ ಅಪರಿಚಿತರ ಒಂದು ಸಂತೆಯೇ ಎದುರಾಗುತ್ತದೆ. ಬಹುತೇಕರು ಬೆರಗಿನಿಂದ ನೋಡಿ ಮುಂದೆ ಹೋಗುತ್ತಾರೆ. ಆದರೆ ಆ ಬೆರಗಿನ ಹಿಂದೆ ಒಂದು ಗಂಭೀರ ಪ್ರಶ್ನೆ ಇದೆ. ಒಂದೇ ಹೆಸರಿನ ಇಷ್ಟೊಂದು ಬದುಕುಗಳನ್ನು ಬಿಡಿಸಿ ನೋಡುವ ಹೊಣೆ ಯಾರದು? ಹೆಸರು ಹೊತ್ತವರದೋ, ಆ ಹೆಸರನ್ನು ಹುಡುಕುವವರದೋ? ಇಂದು ಆ ಹೊಣೆಯಷ್ಟೂ ಹೆಸರು ಹೊತ್ತವರ ತಲೆಯ ಮೇಲೆ ಬಿದ್ದಿದೆ. ಅದು ಹುಡುಕುವವರ ಹೆಗಲಿಗೆ ಬರಬೇಕು ಎಂಬುದು ನನ್ನ ವಾದ.

ಮೊದಲಿಗೆ, ಹೆಸರು ಹಂಚಿಕೆಯಾಗುವುದು ಆಕಸ್ಮಿಕವಲ್ಲ ಎಂಬುದನ್ನು ಗಮನಿಸಬೇಕು. ಮೈಸೂರು, ಚಾಮರಾಜನಗರದ ಕಡೆ ಮಹದೇವ, ಮಾದೇಶ, ಮಹದೇವಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿ ಸಿಗುವುದು ಮಲೆ ಮಹದೇಶ್ವರನಿಂದಾಗಿ. ಧರ್ಮಸ್ಥಳಕ್ಕೆ ಹರಕೆ ಹೊತ್ತವರ ಮನೆಯಲ್ಲಿ ಮಂಜುನಾಥ, ಕುಕ್ಕೆಗೆ ನಡೆದುಕೊಳ್ಳುವವರಲ್ಲಿ ಸುಬ್ರಹ್ಮಣ್ಯ, ಸವದತ್ತಿ ಎಲ್ಲಮ್ಮನ ಒಕ್ಕಲಲ್ಲಿ ರೇಣುಕಾ, ಯಲ್ಲಪ್ಪ, ಯಲ್ಲವ್ವ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಉತ್ತರದ ಜಿಲ್ಲೆಗಳಲ್ಲಿ ಮಲ್ಲಿಕಾರ್ಜುನ, ಮಲ್ಲಪ್ಪ. ಕಲಬುರಗಿಯ ಖಾಜಾ ಬಂದೇ ನವಾಜ್ ದರ್ಗಾದ ಸುತ್ತಮುತ್ತ ಬಂದೇನವಾಜ್ ಎಂಬ ಹೆಸರಿದ್ದರೆ, ಗದಗದ ಹತ್ತಿರದ ಮುಳಗುಂದದಲ್ಲಿರುವ ದಾವಲ್ ಮಲಿಕ್ ದರ್ಗಾ ಆ ಸೀಮೆಗೆಲ್ಲ ದಾವಲ್‌ಸಾಬ್‌ರನ್ನು ಕೊಟ್ಟಿದೆ. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ಹೀಗಾಗಿ ಒಂದು ಹೆಸರಿನವರ ಪಟ್ಟಿ ಎಂದರೆ ಒಂದು ದೇವರ, ಒಂದು ದರ್ಗಾದ, ಒಂದು ಸೀಮೆಯ ಭಕ್ತಿಯ ನಕ್ಷೆಯೂ ಹೌದು. ಮಗುವಿಗೆ ಹೆಸರಿಡುವ ಹೊತ್ತಿನಲ್ಲಿ ತಂದೆತಾಯಿ ಬಯಸಿದ್ದು ಆ ನಕ್ಷೆಯೊಳಗೆ ಮಗುವಿಗೂ ಒಂದು ಜಾಗ ಸಿಗಲಿ ಎಂದು. ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು ತಮ್ಮ ಮಗುವಿಗೆ ಇರಲಿ ಎಂಬುದು ತೀರಾ ಈಚಿನ ಆಸೆ.

ಹೆಸರು ಒಂದೇ ಆದಾಗ ಆಳುಗಳನ್ನು ಬೇರೆ ಮಾಡಿ ಹೇಳುವ ಕೆಲಸವನ್ನು ಕನ್ನಡ ಸಮಾಜ ಬಹಳ ಹಿಂದಿನಿಂದ ಮಾಡುತ್ತಾ ಬಂದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಇಬ್ಬರು ಮಾರಯ್ಯಗಳನ್ನೇ ನೋಡಿ. ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವರು ಆಯ್ದಕ್ಕಿ ಮಾರಯ್ಯ, ಕಟ್ಟಿಗೆಯ ಹೊರೆ ಮಾರುವವರು ಮೋಳಿಗೆ ಮಾರಯ್ಯ. ಒಬ್ಬರ ಅಂಕಿತ ಅಮರೇಶ್ವರಲಿಂಗ, ಇನ್ನೊಬ್ಬರದು ನಿಃಕಳಂಕ ಮಲ್ಲಿಕಾರ್ಜುನ. ವಚನದ ಕೊನೆಯಲ್ಲಿ ಬರುವ ಅಂಕಿತವನ್ನು ನೋಡಿದರೆ ಯಾರದು ಎಂದು ತಿಳಿಯುತ್ತದೆ. ಅರಸರ ವಿಷಯದಲ್ಲಿ ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಲೆಕ್ಕ ಹಿಡಿದರು. ನಮ್ಮ ಕಾಲಕ್ಕೆ ಹತ್ತಿರ ಬಂದರೆ ಇಬ್ಬರು ಪುಟ್ಟಪ್ಪನವರು ಕಾಣುತ್ತಾರೆ. ಕುಪ್ಪಳಿಯವರು ಕುವೆಂಪು ಆದರು, ಪಾಟೀಲರು ಪಾಪು ಆದರು. ಊರಿನಲ್ಲಿ ಇದೇ ಕೆಲಸವನ್ನು ಮನೆತನದ ಹೆಸರು, ಹೊಲದ ಹೆಸರು, ಕಸುಬು, ಕೆಲವೊಮ್ಮೆ ಒಂದು ಅಡ್ಡಹೆಸರು ಮಾಡುತ್ತಿದ್ದವು. ಇಲ್ಲೆಲ್ಲ ಒಂದು ಮಾತು ಸಾಮಾನ್ಯ: ಆಳನ್ನು ಬಿಡಿಸಿ ಗುರುತಿಸುವ ಶ್ರಮವನ್ನು ಕರೆಯುವವರೂ ಓದುವವರೂ ಪಡುತ್ತಿದ್ದರು. ಮಾರಯ್ಯನವರು ತಾವು ಇನ್ನೊಬ್ಬ ಮಾರಯ್ಯ ಅಲ್ಲ ಎಂದು ಯಾರ ಮುಂದೆಯೂ ಸಾಬೀತು ಮಾಡಬೇಕಿರಲಿಲ್ಲ.

ಆ ಶ್ರಮ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯೇ ಸಾಕ್ಷಿ. ಛಂದೋಂಬುಧಿಯ ನಾಗವರ್ಮನೂ ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳ ನಾಗವರ್ಮನೂ ಬೇರೆಬೇರೆ ಎಂಬ ತೀರ್ಮಾನಕ್ಕೆ ಬರಲು ವಿದ್ವಾಂಸರು ಭಾಷೆ, ಕಾಲ, ಆಶ್ರಯದಾತರ ಉಲ್ಲೇಖ ಎಲ್ಲವನ್ನೂ ತೂಗಿ ನೋಡಬೇಕಾಯಿತು. ಛಂದೋಂಬುಧಿಯನ್ನು ಬರೆದವನೇ ಕರ್ನಾಟಕ ಕಾದಂಬರಿಯನ್ನೂ ಬರೆದನೇ ಎಂಬ ಚರ್ಚೆ ಬೇರೆಯೇ ಇದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ ಅಥವಾ ಇಬ್ಬರೇ ಎಂಬ ವಿವಾದದಲ್ಲಿ ವಿದ್ವಾಂಸರು ಇಂದಿಗೂ ಒಂದೇ ದಡ ಸೇರಿಲ್ಲ. ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ಬಂದಿದ್ದು 1907ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದೇ ಹೆಸರಿನ ಕವಿಗಳನ್ನು ಬಿಡಿಸುವುದು, ಬಿಡಿಸಿದ್ದನ್ನು ಮತ್ತೆ ಪ್ರಶ್ನಿಸುವುದು ನಮ್ಮ ಸಂಶೋಧನೆಯ ಒಂದು ಮುಖ್ಯ ಕೆಲಸವಾಗಿಯೇ ಉಳಿದಿದೆ. ಒಂದು ಹೆಸರಿನ ಹಿಂದೆ ಎಷ್ಟು ಜನ ಎಂದು ತಿಳಿಯಲು ಇಷ್ಟು ಕಷ್ಟಪಟ್ಟ ಪರಂಪರೆ ನಮ್ಮದು. ಇಂದು ಅದೇ ತೀರ್ಮಾನವನ್ನು ಯಂತ್ರವೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ, ಯಾವ ಆಧಾರದ ಮೇಲೆ ಎಂದು ಹೇಳುವುದೂ ಇಲ್ಲ.

ಹುಡುಕಿದಾಗ ಸಿಗುವ ಆ ಬಗೆಬಗೆಯ ಬದುಕುಗಳು ನಿಜಕ್ಕೂ ಎಷ್ಟು ಬಗೆಯವು ಎಂಬುದನ್ನೂ ಕೇಳಿಕೊಳ್ಳಬೇಕು. ಸಾಫ್ಟ್‌ವೇರ್ ಕಂಪನಿಯ ಬಸವರಾಜ್ ಅಂತರ್ಜಾಲದಲ್ಲಿ ಕಾಣುವುದು ಲಿಂಕ್ಡ್‌ಇನ್‌ನಲ್ಲಿ, ತಾನೇ ಆರಿಸಿಕೊಂಡ ಫೋಟೊ ಮತ್ತು ತಾನೇ ಬರೆದ ಪರಿಚಯದ ಜೊತೆ. ಕೂಲಿ ಮಾಡುವ ಬಸವರಾಜ ಕಾಣುವುದು ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಪಟ್ಟಿಯಲ್ಲಿ, ಯೋಜನೆಯೊಂದರ ಫಲಾನುಭವಿಗಳ ಪಟ್ಟಿಯಲ್ಲಿ, ಇಲ್ಲವೇ ಕೋರ್ಟಿನ ದಾಖಲೆಯಲ್ಲಿ. ಆ ಪಟ್ಟಿಗಳನ್ನು ಪ್ರಕಟಿಸಿದ್ದು ಸರ್ಕಾರ. ಅದಕ್ಕೆ ಒಳ್ಳೆಯ ಕಾರಣವೂ ಇದೆ, ಸುಳ್ಳು ಹೆಸರಿನಲ್ಲಿ ಕೂಲಿ ನುಂಗುವವರನ್ನು ಊರವರು ಹಿಡಿಯಬೇಕಾದರೆ ಪಟ್ಟಿ ಬಯಲಿನಲ್ಲಿರಬೇಕು. ಆದರೂ ಉಳ್ಳವರು ತಮ್ಮನ್ನು ತಾವೇ ಪ್ರಕಟಿಸಿಕೊಳ್ಳುತ್ತಾರೆ, ಇಲ್ಲದವರನ್ನು ಬೇರೆಯವರು ಪ್ರಕಟಿಸುತ್ತಾರೆ ಎಂಬ ವ್ಯತ್ಯಾಸ ಉಳಿಯುತ್ತದೆ. ಇನ್ನು ಬ್ಯಾಂಕಿಗೂ ಕೋರ್ಟಿಗೂ ಕಾಲಿಡದೆ ಬದುಕು ಮುಗಿಸಿದ ಎಷ್ಟೋ ಹೆಂಗಸರು ಮತದಾರರ ಪಟ್ಟಿಯಾಚೆ ಎಲ್ಲೂ ಇಲ್ಲ. ಗೂಗಲ್ ತೋರಿಸುವ ಲಕ್ಷ್ಮಿಯರನ್ನು ನೋಡಿ ಲಕ್ಷ್ಮಿಯರೆಲ್ಲ ಹೀಗೆ ಎಂದುಕೊಂಡರೆ ನಾಡಿನ ಬಹುಪಾಲು ಲಕ್ಷ್ಮಿಯರನ್ನು ಬಿಟ್ಟಂತೆಯೇ. ರೋಮನ್ ಲಿಪಿ ಬೇರೆ ಗೊಂದಲ ತರುತ್ತದೆ. ಒಬ್ಬರೇ ಲಕ್ಷ್ಮಿಯ ಹೆಸರನ್ನು ಒಂದು ದಾಖಲೆಯಲ್ಲಿ ಒಂದು ಕಾಗುಣಿತದಲ್ಲಿ, ಇನ್ನೊಂದರಲ್ಲಿ ಮತ್ತೊಂದು ಕಾಗುಣಿತದಲ್ಲಿ ಬರೆದಿರುತ್ತಾರೆ. ಯಂತ್ರದ ಕಣ್ಣಿಗೆ ಆಕೆ ಇಬ್ಬರು.

ಹೆಸರಿನ ನಂಟು ಸಂತೋಷವನ್ನೂ ಕೊಡಬಲ್ಲದು, ಅದನ್ನು ನಾನು ಕಡೆಗಣಿಸುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಜಪಾನಿನ ಟೋಕಿಯೊದಲ್ಲಿ ಹಿರೊಕಾಜು ತನಾಕಾ ಎಂಬ ಒಂದೇ ಹೆಸರಿನ 178 ಮಂದಿ ಒಂದೆಡೆ ಸೇರಿ ಗಿನ್ನೆಸ್ ದಾಖಲೆ ಬರೆದರು. ಅದಕ್ಕೂ ಮೊದಲಿನ ದಾಖಲೆ 2005ರಲ್ಲಿ ಅಮೆರಿಕದಲ್ಲಿ ಸೇರಿದ್ದ 164 ಮಾರ್ಥಾ ಸ್ಟೀವರ್ಟ್‌ಗಳದ್ದು. ಆದರೆ ಅವರೆಲ್ಲ ತಾವಾಗಿ ಬಂದು ಪಕ್ಕಪಕ್ಕ ನಿಂತವರು. ಒಬ್ಬೊಬ್ಬರಿಗೂ ಬೇರೆ ಮುಖ, ಬೇರೆ ವಯಸ್ಸು ಇತ್ತು. ತೊಂದರೆ ಶುರುವಾಗುವುದು ಯಾರದೋ ಕಡತದಲ್ಲಿ ಈ ಮುಖಗಳು ಅಳಿಸಿಹೋಗಿ ಹೆಸರೊಂದೇ ಉಳಿದಾಗ. 2004ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಅವರನ್ನು ವಿಮಾನ ನಿಲ್ದಾಣಗಳಲ್ಲಿ ಹಲವು ಬಾರಿ ತಡೆಯಲಾಯಿತು. ಶಂಕಿತರ ಪಟ್ಟಿಯಲ್ಲಿ ಅವರ ಹೆಸರನ್ನು ಹೋಲುವ ಹೆಸರೊಂದು ಇದ್ದದ್ದೇ ಕಾರಣ. ದೇಶದ ಅತ್ಯಂತ ಪರಿಚಿತ ಮುಖಗಳಲ್ಲಿ ಒಂದು ಅವರದು, ಮಾಜಿ ಅಧ್ಯಕ್ಷರೊಬ್ಬರ ತಮ್ಮ. ಅಂಥವರಿಗೂ ಪಟ್ಟಿಯಿಂದ ಬಿಡಿಸಿಕೊಳ್ಳುವುದು ಸುಲಭವಾಗಲಿಲ್ಲ ಎಂದಮೇಲೆ ಸಾಮಾನ್ಯರ ಪಾಡನ್ನು ಊಹಿಸಬಹುದು.

ಊಹಿಸುವುದೇ ಬೇಕಿಲ್ಲ, ನ್ಯಾಯಾಲಯದ ದಾಖಲೆಯೇ ಇದೆ. ಸಾಲದ ಚರಿತ್ರೆ ಇಟ್ಟುಕೊಳ್ಳುವ ಟ್ರಾನ್ಸ್‌ಯೂನಿಯನ್ ಕಂಪನಿ ಅಮೆರಿಕದಲ್ಲಿ ತನ್ನ ಗ್ರಾಹಕರ ಹೆಸರುಗಳನ್ನು ಭಯೋತ್ಪಾದಕರು, ಮಾದಕವಸ್ತು ಸಾಗಣೆದಾರರು ಮುಂತಾದವರ ಸರ್ಕಾರಿ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಿತ್ತು. ಹೋಲಿಸುತ್ತಿದ್ದದ್ದು ಮೊದಲ ಹೆಸರು ಮತ್ತು ಕೊನೆಯ ಹೆಸರು ಮಾತ್ರ. ಎರಡೂ ತಾಳೆಯಾದರೆ ಈ ವ್ಯಕ್ತಿ ಪಟ್ಟಿಯಲ್ಲಿ ಇರಬಹುದು ಎಂಬ ಎಚ್ಚರಿಕೆ ವರದಿಯಲ್ಲಿ ಬೀಳುತ್ತಿತ್ತು. ಹೀಗೆ ಗುರುತು ಹಾಕಿಸಿಕೊಂಡ 8,185 ಜನರ ಪರವಾಗಿ ಹೂಡಿದ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಾರ ವರದಿ ನಿಜವಾಗಿ ಹೊರಗಿನ ಸಂಸ್ಥೆಗಳ ಕೈ ಸೇರಿತ್ತೋ ಆ 1,853 ಮಂದಿಗೆ ಮಾತ್ರ ಆ ಆರೋಪದ ಮೇಲೆ ಪರಿಹಾರ ಕೇಳುವ ಹಕ್ಕಿದೆ ಎಂದು 2021ರಲ್ಲಿ ತೀರ್ಪು ಬಂತು. ಉಳಿದ ಆರು ಸಾವಿರಕ್ಕೂ ಹೆಚ್ಚು ಜನರ ಕಡತದಲ್ಲಿ ಆ ಕಳಂಕ ಇದ್ದದ್ದು ನಿಜ, ಆದರೆ ಅದನ್ನು ಯಾರಿಗೂ ಕಳಿಸಿರಲಿಲ್ಲವಾದ್ದರಿಂದ ಹಾನಿಯಾಗಿಲ್ಲ ಎಂಬುದು ಬಹುಮತದ ನಿಲುವು. ನಮ್ಮಲ್ಲಿ ಮನೆ ಸಾಲಕ್ಕೋ ಬೈಕಿನ ಸಾಲಕ್ಕೋ ಹೋದಾಗ ಬ್ಯಾಂಕಿನವರು ಕೇಳುವ ಸಿಬಿಲ್ ಸ್ಕೋರ್ ಇದೆಯಲ್ಲ, ಆ ಸಿಬಿಲ್ ಇಂದು ಅದೇ ಟ್ರಾನ್ಸ್‌ಯೂನಿಯನ್ ಸಮೂಹದ ಸಂಸ್ಥೆ. ಇಲ್ಲೂ ಹಾಗೆಯೇ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಹೆಸರು ತಾಳೆಯಾದರೆ ಸಾಕು ಎಂಬ ಯೋಚನೆ ಎಷ್ಟು ದೊಡ್ಡ ಸಂಸ್ಥೆಯೊಳಗೂ ಹೊಗಬಲ್ಲದು ಎಂಬುದಷ್ಟೇ ಇಲ್ಲಿನ ಮುಖ್ಯ ಅಂಶ.

ಕೃತಕ ಬುದ್ಧಿಮತ್ತೆ ಈ ತೊಡಕಿಗೆ ಹೊಸ ಗಂಟು ಹಾಕಿದೆ. ಹಳೆಯ ಹುಡುಕಾಟದಲ್ಲಿ ಹತ್ತು ಕೊಂಡಿಗಳು ಸಾಲಾಗಿ ಬರುತ್ತಿದ್ದವು. ಈ ಡಾಕ್ಟರೇ ಬೇರೆ, ಆ ಆರೋಪಿಯೇ ಬೇರೆ ಎಂದು ಓದುಗರಿಗೆ ಅನುಮಾನ ಬರಲು ಅಲ್ಲಿ ಎಡೆಯಿತ್ತು. ಈಗ ಯಂತ್ರ ಆ ಹತ್ತನ್ನೂ ಓದಿ ಒಂದೇ ಪ್ಯಾರಾದಲ್ಲಿ ಉತ್ತರ ಬರೆದುಕೊಡುತ್ತದೆ. 2023ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮಾಜಿ ವಾಯುಪಡೆ ಅಧಿಕಾರಿಯೊಬ್ಬರು ಮೈಕ್ರೋಸಾಫ್ಟ್ ಮೇಲೆ ಮಾನನಷ್ಟದ ದಾವೆ ಹೂಡಿದರು. ದಾವೆಯ ಪ್ರಕಾರ ಆ ಕಂಪನಿಯ ಹುಡುಕಾಟ ಯಂತ್ರವಾದ ಬಿಂಗ್, ಆ ಅಧಿಕಾರಿಯ ವೃತ್ತಿಯ ವಿವರವನ್ನೂ, ಅವರದೇ ಹೆಸರನ್ನು ಬಹುಪಾಲು ಹೋಲುವ, ದೇಶದ ವಿರುದ್ಧ ಸಂಚಿಗಾಗಿ ಶಿಕ್ಷೆಯಾದ ಇನ್ನೊಬ್ಬನ ವಿವರವನ್ನೂ ಒಂದೇ ಬರಹದಲ್ಲಿ ಹೊಸೆದು ಇಬ್ಬರನ್ನೂ ಒಬ್ಬರನ್ನಾಗಿಸಿತ್ತು. ಒಂದೊಂದು ವಾಕ್ಯವೂ ಯಾರೋ ಒಬ್ಬರ ಬಗ್ಗೆ ನಿಜವೇ. ಎರಡು ವಾಕ್ಯಗಳ ನಡುವೆ ಬಂದು ಕೂತ ‘ಇವರು’ ಎಂಬ ಪದದಲ್ಲಿ ಸುಳ್ಳಿತ್ತು. ಅಂಥ ಸುಳ್ಳನ್ನು ಓದುಗ ಹಿಡಿಯುವುದು ಬಹಳ ಕಷ್ಟ.

ಇದಕ್ಕೆಲ್ಲ ಪರಿಹಾರ ಒಂದು ಸಂಖ್ಯೆ ಎನ್ನುವವರಿದ್ದಾರೆ. ಆಧಾರ್‌ಗೆ 12 ಅಂಕಿ, ಪ್ಯಾನ್‌ಗೆ 10 ಅಕ್ಷರ-ಅಂಕಿ, ಸಂಶೋಧಕರಿಗೆ 2012ರಿಂದ ಆರ್ಕಿಡ್ ಎಂಬ 16 ಅಂಕಿಯ ಗುರುತು. ಸಂಖ್ಯೆ ಹೆಸರಿನ ಗೊಂದಲವನ್ನು ಕಡತದೊಳಗೆ ಬಗೆಹರಿಸುತ್ತದೆ ಎಂಬುದು ಸರಿ. ಪ್ರಬಂಧಗಳ ಲೇಖಕರನ್ನು ಬೇರ್ಪಡಿಸಲು ಆರ್ಕಿಡ್ ಒಳ್ಳೆಯ ದಾರಿ ಎಂದು ನಾನೂ ಒಪ್ಪುತ್ತೇನೆ. ಆದರೆ ಹೊಸ ಬಾಡಿಗೆದಾರರ ಬಗ್ಗೆ ತಿಳಿಯಲು ಬಯಸುವ ಮನೆ ಮಾಲೀಕರು, ಸಂಬಂಧ ಕುದುರಿಸುವ ಮುಂಚೆ ಹುಡುಗನ ಬಗ್ಗೆ ವಿಚಾರಿಸುವ ಮನೆಯವರು, ಕೆಲಸಕ್ಕೆ ಜನ ತೆಗೆದುಕೊಳ್ಳುವ ಮ್ಯಾನೇಜರು ಹುಡುಕುವುದು ಹೆಸರನ್ನೇ. ಅವರ ಕೈಗೆಲ್ಲ ಆಧಾರ್ ಸಂಖ್ಯೆ ಕೊಟ್ಟು ಸಕಲ ದಾಖಲೆಯನ್ನೂ ಅದಕ್ಕೆ ಕಟ್ಟಿಬಿಟ್ಟರೆ ಗೊಂದಲ ಹೋಗಿ ಅದಕ್ಕಿಂತ ದೊಡ್ಡ ಅಪಾಯ ಬರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಆಧಾರ್ ವಿವಾದದಿಂದ ಹುಟ್ಟಿದ ಪ್ರಕರಣದಲ್ಲೇ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪುಟ್ಟಸ್ವಾಮಿ ಎಂಬ ಹೆಸರೂ ಹಳೆ ಮೈಸೂರಿನಲ್ಲಿ ಅದೆಷ್ಟು ಮನೆಗಳಲ್ಲಿ ಇದೆಯೋ!

ಮಕ್ಕಳಿಗೆ ಅಪರೂಪದ ಹೆಸರಿಟ್ಟರಾಯಿತು ಎಂಬುದು ಇನ್ನೊಂದು ಸಲಹೆ, ಈಗಿನ ತಂದೆತಾಯಂದಿರು ಬಹಳಷ್ಟು ಮಂದಿ ಪಾಲಿಸುತ್ತಿರುವ ಸಲಹೆ. ಇಲ್ಲಿ ಒಂದು ಸೂಕ್ಷ್ಮ ತಪ್ಪಿಹೋಗುತ್ತದೆ. ಸಾಮಾನ್ಯ ಹೆಸರು ಒಂದು ನೆರಳು. ಮಂಜುನಾಥ ಎಂಬ ಹೆಸರಿನ ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಬರೆದ ದುಡುಕಿನ ಮಾತೊಂದು ಸಾವಿರಾರು ಮಂಜುನಾಥರ ನಡುವೆ ಕರಗಿಹೋಗುತ್ತದೆ. ಜಗತ್ತಿಗೆಲ್ಲ ಒಂದೇ ಆದ ಹೆಸರಿನ ಹುಡುಗಿಯನ್ನು ಕಾಡಲು ಹೊರಟವನಿಗೆ ಅವಳ ಕಾಲೇಜು, ಊರು, ಗೆಳತಿಯರು ಎಲ್ಲವೂ ಒಂದೇ ಹುಡುಕಾಟಕ್ಕೆ ಸಿಗುತ್ತವೆ. ಬಯಲಿಗೆ ಬೀಳದೆ ಬದುಕುವ ಅವಕಾಶವನ್ನು ನಮ್ಮ ಹಳೆಯ ಹೆಸರುಗಳು ಯಾರ ಯೋಜನೆಯೂ ಇಲ್ಲದೆ ಒದಗಿಸಿವೆ. ಗೊಂದಲವಿದೆ ಎಂದು ಆ ರಕ್ಷಣೆಯನ್ನು ಬಿಟ್ಟುಕೊಡುವುದು ಜಾಣತನವಾಗಲಾರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಊರು, ಮನೆತನ, ಕಸುಬುಗಳಿಂದ ಆಳನ್ನು ಬೇರ್ಪಡಿಸುತ್ತಿದ್ದ ಹಳೆಯ ಪದ್ಧತಿಯನ್ನು ನಾನು ಮೆಚ್ಚಿ ಬರೆದೆ. ಅದೇ ಪದ್ಧತಿ ಜಾತಿಯನ್ನೂ ಹೇಳಿಬಿಡುತ್ತಿತ್ತಲ್ಲ? ಖಂಡಿತ ಹೇಳುತ್ತಿತ್ತು. ಹೆಸರಿನ ಕೊನೆಯ ಜಾತಿಸೂಚಕವನ್ನು ಬೇಕೆಂದೇ ಬಿಟ್ಟವರು ನಮ್ಮಲ್ಲಿ ಬಹಳ. ಅವರು ಒಂದೇ ಹೆಸರಿನವರ ಗುಂಪಿನಲ್ಲಿ ಬೆರೆತುಹೋಗಲು ಒಪ್ಪಿದ್ದು ಘನತೆಗಾಗಿ. ಹೆಣ್ಣಿನ ವಿಷಯದಲ್ಲಂತೂ ಹಳೆಯ ಪದ್ಧತಿ ಇನ್ನೂ ಕಠಿಣ. ವಚನಕಾರ್ತಿಯರಲ್ಲಿ ಕಾಳವ್ವೆ ಎಂಬ ಹೆಸರಿನವರು ಹಲವರಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಎಂದು ಗಂಡನ ಹೆಸರು ಹಿಡಿದೇ ಅವರನ್ನು ಬೇರೆ ಮಾಡಬೇಕಾಗಿದೆ. ಸ್ವಂತ ವಚನ ಬರೆದವರಿಗೂ ಹೀಗೆ. ಆದ್ದರಿಂದ ಹಳೆಯ ಗುರುತುಗಳನ್ನೇ ಮತ್ತೆ ತನ್ನಿ ಎಂದು ನಾನು ಹೇಳಲಾರೆ. ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದದ್ದು ಅದರ ನಡವಳಿಕೆಯನ್ನು: ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಖಚಿತ ಮಾಡಿಕೊಂಡ ಮೇಲೆ ಮಾತಾಡುವುದು.

ಗೊಂದಲವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ, ಚುನಾವಣೆ ಅದಕ್ಕೆ ನಿದರ್ಶನ. 2004ರಲ್ಲಿ ಕೇರಳದ ಆಲಪ್ಪುಳ ಲೋಕಸಭಾ ಕ್ಷೇತ್ರದಲ್ಲಿ ವಿ.ಎಂ. ಸುಧೀರನ್ 1,009 ಮತಗಳಿಂದ ಸೋತರು. ಕಣದಲ್ಲಿದ್ದ ವಿ.ಎಸ್. ಸುಧೀರನ್ ಎಂಬವರಿಗೆ ಎಂಟು ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಹಾಕುವ ನಿಯಮ 2015ರಲ್ಲಿ ಬಂದ ಮೇಲೂ ಮಾತು ಮುಗಿಯಲಿಲ್ಲ. ಮರುವರ್ಷವೇ ಗಡಿಯಾಚೆಗಿನ ನಮ್ಮ ಮಂಜೇಶ್ವರದಲ್ಲಿ ಕೆ. ಸುರೇಂದ್ರನ್ 89 ಮತಗಳಿಂದ ಸೋತಾಗ ಕೆ. ಸುಂದರ ಎಂಬ ಅಭ್ಯರ್ಥಿ ಪಡೆದಿದ್ದ 467 ಮತಗಳ ಬಗ್ಗೆ ದೊಡ್ಡ ಚರ್ಚೆಯಾಯಿತು. ಹಾಗೆಂದು ಒಂದೇ ಹೆಸರಿನವರ ಸ್ಪರ್ಧೆಯನ್ನೇ ತಡೆಯಬಹುದೇ? ಅಂಥ ಕೋರಿಕೆಯ ಅರ್ಜಿಯೊಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ತಂದೆತಾಯಿ ಇಟ್ಟ ಹೆಸರು ಚುನಾವಣೆಗೆ ನಿಲ್ಲುವ ಹಕ್ಕಿಗೆ ಅಡ್ಡಿಯಾಗಬಹುದೇ ಎಂದು ಪೀಠ ಕೇಳಿತು. ಅರ್ಜಿ ಹಿಂದಕ್ಕೆ ಹೋಯಿತು. ಪೀಠದ ಪ್ರಶ್ನೆ ನನಗೆ ಸರಿ ಎನಿಸುತ್ತದೆ. ದುರುದ್ದೇಶದವರು ಕೆಲವರಿದ್ದಾರೆ ಎಂದು ಹೆಸರು ಹೊತ್ತವರೆಲ್ಲರನ್ನೂ ಶಂಕಿಸಲಾಗದು. ಫೋಟೊ, ಚಿಹ್ನೆಗಳನ್ನು ಇನ್ನಷ್ಟು ಸ್ಪಷ್ಟ ಮಾಡುವುದು ಚುನಾವಣಾ ಆಯೋಗದ ಕೆಲಸ.

ಸದ್ಯಕ್ಕೆ ಆಗುತ್ತಿರುವುದು ಇದಕ್ಕೆ ತಿರುಗುಮುರುಗು. ಎರಡು ದಾಖಲೆಗಳಲ್ಲಿ ಹೆಸರು ಬೇರೆಬೇರೆಯಾಗಿ ಬಿದ್ದಿದ್ದರೆ ‘ಎರಡೂ ಹೆಸರಿನ ವ್ಯಕ್ತಿ ನಾನೇ’ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಹತ್ತಿರ ಸಹಿ ಹಾಕಿಸಬೇಕು. ಇನಿಷಿಯಲ್ ಇಟ್ಟುಕೊಂಡೇ ಬಂದ ಕನ್ನಡಿಗರು ಪ್ಯಾನ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು, ಆಮೇಲೆ ಅಂಕಪಟ್ಟಿಗೂ ಪ್ಯಾನ್‌ಗೂ ತಾಳೆಯಾಗದೆ ಅಲೆಯಬೇಕು. ‘ಆ ವ್ಯಕ್ತಿ ನಾನಲ್ಲ’ ಎಂದು ಹೇಳಿಕೊಳ್ಳಲು ಇಂಥ ಒಂದು ರೂಢಿಯ ಕಾಗದವೂ ಇಲ್ಲ. ತಮ್ಮ ಹಳೆಯ ದಾಖಲೆ ಹುಡುಕಾಟದಲ್ಲಿ ಕಾಣದಂತೆ ಕೋರುವ ‘ಮರೆಯಲ್ಪಡುವ ಹಕ್ಕು’ ಇಲ್ಲಿ ಉಪಯೋಗಕ್ಕೆ ಬಾರದು. 2014ರಲ್ಲಿ ಯುರೋಪಿನ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಯುವತಿಯೊಬ್ಬಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ತನ್ನ ಆದೇಶದೊಡನೆ ಕಾಣದಂತೆ ನೋಡಿಕೊಳ್ಳಲು ಸೂಚಿಸಿತು. ಎರಡೂ ಒಳ್ಳೆಯವೇ, ಆದರೆ ಅಲ್ಲಿ ಇದ್ದದ್ದು ಅವರವರ ಸ್ವಂತ ದಾಖಲೆ. ಇನ್ನೊಬ್ಬ ಮಂಜುನಾಥನ ಮೇಲಿನ ಪ್ರಕರಣದ ವರದಿ ನಿಜವಾದದ್ದು, ಅಳಿಸುವಂಥದ್ದಲ್ಲ. ಈ ಮಂಜುನಾಥ ಏನೆಂದು ಕೇಳಿಕೊಳ್ಳಬೇಕು?

ಹಾಗಾಗಿ ಹೊಣೆ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿರಬೇಕು. ಅಪರಾಧದ ಸುದ್ದಿ ಬರೆಯುವ ಪತ್ರಿಕೆಗಳು ವಯಸ್ಸು ಮತ್ತು ಊರನ್ನು ತಪ್ಪದೆ ಕೊಡುವ ಹಳೆಯ ಶಿಸ್ತನ್ನು ಜಾಲತಾಣದಲ್ಲೂ ಬಿಡಬಾರದು. ಕೃತಕ ಬುದ್ಧಿಮತ್ತೆಯ ಉತ್ತರಗಳು ಒಂದು ಹೆಸರಿಗೆ ಹಲವರು ಸಿಕ್ಕಾಗ ಹಲವರನ್ನೇ ಬೇರೆಬೇರೆಯಾಗಿ ತೋರಿಸಬೇಕು. ಕೋರ್ಟ್ ದಾಖಲೆಗಳನ್ನು ಜಾಲಾಡಿ ಉದ್ಯೋಗಾರ್ಥಿಗಳ ಹಿನ್ನೆಲೆ ವರದಿ ಮಾರುವ ಸಂಸ್ಥೆಗಳಿಗಂತೂ ಕಟ್ಟುನಿಟ್ಟು ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಆ ಮಾಹಿತಿಯನ್ನು ಬಳಸುವವರ ಮೇಲೇ ಹಾಕಿದೆ. ಹೆಸರು ಮಾತ್ರ ತಾಳೆಯಾದ ಮಾಹಿತಿ ನಿಖರವಲ್ಲ ಎಂದು ಅದನ್ನು ಜಾರಿ ಮಾಡುವವರು ಸ್ಪಷ್ಟವಾಗಿ ಬರೆಯಬೇಕು. ಹುಟ್ಟಿದ ದಿನ, ತಂದೆ ಅಥವಾ ತಾಯಿಯ ಹೆಸರು, ವಿಳಾಸ ಇವುಗಳಲ್ಲಿ ಕನಿಷ್ಠ ಎರಡಾದರೂ ಕೂಡಿಬಾರದ ಹೊರತು ವರದಿಯಲ್ಲಿ ಆ ಪ್ರಕರಣ ಸೇರಬಾರದು. ಕೂಡಿಬಂದರೂ ವರದಿಯನ್ನು ಕಂಪನಿಗೆ ಕಳಿಸುವ ಮುಂಚೆ ಅರ್ಜಿದಾರರಿಗೆ ತೋರಿಸಿ ‘ಇದು ನೀವೇನಾ?’ ಎಂದು ಕೇಳಬೇಕು, ಉತ್ತರಿಸಲು ಸಮಯ ಕೊಡಬೇಕು, ಅಲ್ಲ ಎಂದರೆ ಹೌದು ಎಂದು ತೋರಿಸುವ ಭಾರವನ್ನು ವರದಿ ಬರೆದವರೇ ಹೊರಬೇಕು.